ಹೋಗಬೇಡ ಅನ್ನದವನು

"ಯಾರ್ರೀ ನೀವು? ನನ್ನ ಕ್ಲಾಸಲ್ಲಿ ಏನ್ ಮಾಡ್ತಿದೀರಾ?"

ಒಂಬತ್ತನೇ ತರಗತಿಯ ಬಾಗಿಲಲ್ಲೇ ನಿಂತುಬಿಟ್ಟಳು ಜ್ಯೋತಿಲಕ್ಷ್ಮಿ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದಿದ್ದ ಅಪರಿಚಿತ ಯುವಕ ಗಾಬರಿಯಿಂದ ತಿರುಗಿದ.

"ಸಾರಿ ಮೇಡಂ... ನಾನು ಮಧುಸೂದನ್. ಗೌರಿಬಿದನೂರಿಂದ ಬಂದಿದೀನಿ. ನೀವು ಬಿಟ್ಟು ಹೋಗ್ತಿದೀರಲ್ಲ, ನಿಮ್ಮ ಜಾಗಕ್ಕೆ..."

ನಿಮ್ಮ ಜಾಗಕ್ಕೆ!

ಎದೆಗೆ ಏನೋ ಚುಚ್ಚಿದಂತಾಯಿತು. ರಾಜೀನಾಮೆ ಕೊಟ್ಟವಳು ಅವಳೇ. ಯಾರೂ ಬಲವಂತ ಮಾಡಿರಲಿಲ್ಲ. ಆದರೂ ಚಿಕ್ಕಬಳ್ಳಾಪುರದ ಆ ಖಾಸಗಿ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಭೂಗೋಳ ಹೇಳಿಕೊಟ್ಟ ಕೋಣೆಯಲ್ಲಿ ಇನ್ನೊಬ್ಬರನ್ನು ಕಂಡಾಗಲೇ ತಾನು ಹೊರಡುತ್ತಿರುವುದು ನಿಜವೆನಿಸಿದ್ದು.

"ನಾನಿನ್ನೂ ಹೋಗಿಲ್ಲ ಸಾರ್," ಎಂದಳು ಬಿಗಿಯಾಗಿ. "ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ."

ಮಕ್ಕಳು ಕಿಸಕ್ಕೆಂದರು. ಅವನು ನಿಜವಾಗಿಯೂ ಹೋಗಿ ಹಿಂದಿನ ಬೆಂಚಿನಲ್ಲಿ, ಮಕ್ಕಳ ನಡುವೆ ಮಂಡಿ ಮಡಚಿಕೊಂಡು ಕೂತ!

ಅದು ಎರಡು ಸಾವಿರದ ಆರನೇ ಇಸವಿ. ಬೆಂಗಳೂರಿನ ಒಂದು ಬುದ್ಧ ವಿಹಾರದವರು ಕೆಲವು ಹೆಣ್ಣುಮಕ್ಕಳನ್ನು ಸುಮಾರು ಒಂದು ವರ್ಷದ ಪ್ರಯಾಣಕ್ಕೆ ಕರೆದೊಯ್ಯುವವರಿದ್ದರು. ನೇಪಾಳ, ಬರ್ಮಾ, ಥಾಯ್ಲೆಂಡ್, ಕಾಂಬೋಡಿಯಾ, ಕೊನೆಗೆ ಶ್ರೀಲಂಕಾ. ಅಲ್ಲಲ್ಲಿನ ವಿಹಾರಗಳಲ್ಲೇ ಊಟ, ವಾಸ. ಬದಲಿಗೆ ಅಲ್ಲಿನ ಮಕ್ಕಳಿಗೆ ಪಾಠ. ಜ್ಯೋತಿ ಯಾರನ್ನೂ ಕೇಳದೆ ಒಪ್ಪಿಕೊಂಡಿದ್ದಳು. ಅಷ್ಟು ದಿನ ರಜೆ ಸಿಗಲಿಲ್ಲ. ಕೆಲಸವನ್ನೇ ಬಿಟ್ಟಳು.

ಬಿಟ್ಟ ಮೇಲೆ ಶುರುವಾಯಿತು ಭಯ!

ವಿಮಾನ ಹೇಗಿರತ್ತೆ? ಭಾಷೆ ಬರದ ಊರಲ್ಲಿ ಕಾಯಿಲೆ ಬಿದ್ದರೆ? ವಾಪಸ್ ಬಂದಾಗ ಯಾರು ಕೆಲಸ ಕೊಡ್ತಾರೆ? ಪೆರೇಸಂದ್ರದ ಮನೆಯಲ್ಲಿ ಅಮ್ಮ ಒಬ್ಬಳೇ ಅಲ್ವಾ? ಬಸ್ಸಿನಲ್ಲಿ ಕೂತರೆ ಅದೇ ಯೋಚನೆ. ತಟ್ಟೆ ಮುಂದೆ ಕೂತರೆ ಮುದ್ದೆ ಅರ್ಧಕ್ಕೇ ಉಳಿಯುತ್ತಿತ್ತು.

"ಮದ್ವೆ ವಯಸ್ಸಲ್ಲಿ ದೇಶ ಸುತ್ತೋಕೆ ಹೊರಟವ್ಳೆ!" ಎಂದು ಊರವರು ಆಡುವುದೂ ಕಿವಿಗೆ ಬೀಳುತ್ತಿತ್ತು.

ವಿಚಿತ್ರವೆಂದರೆ, ಆ ದಿನಗಳಲ್ಲಿ ಅವಳಿಗೆ ಸ್ವಲ್ಪ ಉಸಿರಾಡಲು ಆಗುತ್ತಿದ್ದುದು ಮಧುಸೂದನ್ ಜೊತೆಯಲ್ಲಿ ಮಾತ್ರ.

ಪಾಠ ವಹಿಸಿಕೊಡುವ ನೆಪದಲ್ಲಿ ಇಬ್ಬರೂ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂರುತ್ತಿದ್ದರು. ಆಯಾ ಅಮ್ಮಾಜಮ್ಮ ತಂದಿಟ್ಟ ಟೀ ಆರಿಹೋದರೂ ಮಾತು ಮುಗಿಯುತ್ತಿರಲಿಲ್ಲ.

"ಭಯ ಆಗತ್ತೆ ಸಾರ್..." ಒಮ್ಮೆ ಬಾಯಿಬಿಟ್ಟು ಹೇಳಿಯೇಬಿಟ್ಟಳು.

"ಆಗ್ಲಿ ಬಿಡಿ ಮೇಡಂ. ಭಯ ಇಟ್ಕೊಂಡೇ ವಿಮಾನ ಹತ್ತಿ. ಅದಕ್ಕೇನು ಬೇರೆ ಟಿಕೆಟ್ ಬೇಕಾ?"

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು! ಅವನು ಮಾತ್ರ ನಗದೆ, ಅವಳ ನಗುವನ್ನೇ ನೋಡುತ್ತಾ ಕೂತಿದ್ದ.

ಅಂದಿನಿಂದ ಅವಳಿಗೆ ಇನ್ನೊಂದು ತಳಮಳ ಅಂಟಿಕೊಂಡಿತು. 'ಒಂದು ಸಲ... ಒಂದೇ ಒಂದು ಸಲ ಹೋಗಬೇಡಿ ಅನ್ನಬಾರದಾ ಇವರು?'

ಅವನು ಅನ್ನಲಿಲ್ಲ. ಬದಲಿಗೆ ಚಳಿಗೆ ಯಾವ ಸ್ವೆಟರ್ ಬೇಕು, ಯಾವ ಮಾತ್ರೆ ಇಟ್ಟುಕೊಳ್ಳಬೇಕು ಎಂದು ದಿನಾ ನೆನಪಿಸುತ್ತಿದ್ದ. ಕಳಿಸಲು ಇಷ್ಟು ಆತುರವೇ?

ಆ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದುಕೊಂಡದ್ದು ಹೆಡ್‌ಮಾಸ್ಟರ್ ನರಸಿಂಹಮೂರ್ತಿಯವರ ಕೋಣೆಯ ಹೊರಗೆ. ಹಾಜರಿ ಪುಸ್ತಕ ಕೊಡಲು ಹೋದವಳಿಗೆ ಒಳಗಿಂದ ಮಧುಸೂದನನ ದನಿ ಕೇಳಿಸಿತು.

"ಅವ್ರನ್ನ ಇಲ್ಲೇ ಉಳಿಸ್ಕೋಬೇಡಿ ಸಾರ್. ಅವರು ಹೋಗ್ಲೇಬೇಕು. ನಾನಿದೀನಲ್ಲ!"

ಹಾಗಾದರೆ ಆ ಕಾಳಜಿ, ಆ ಸಮಾಧಾನ ಎಲ್ಲಾ... ಈ ಕೆಲಸಕ್ಕಾಗಿಯಾ?

ಅವನು ಹೊರಬಂದಾಗ ಅವಳು ಅಲ್ಲೇ ಇದ್ದಳು.

"ಕಂಗ್ರಾಜುಲೇಷನ್ಸ್ ಸಾರ್! ಕೆಲಸ ಗಟ್ಟಿ ಮಾಡ್ಕೊಂಡ್ರಲ್ಲ."

"ಮೇಡಂ, ಒಂದ್ನಿಮಿಷ... ನೀವು ತಪ್ಪು ತಿಳ್ಕೊಂಡಿದೀರ..."

ಅವಳು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ತುಂಬಿ ಮೆಟ್ಟಿಲೇ ಕಾಣುತ್ತಿರಲಿಲ್ಲ.

ಮನೆಗೆ ಬಂದರೆ ಅಮ್ಮ ಮಂಗಮ್ಮ ಚಾಪೆಯಿಂದ ಏಳಲಾರದೆ ಮಲಗಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಚಿಕುನ್ ಗುನ್ಯಾ! ಆ ವರ್ಷ ಊರಿನ ಅರ್ಧ ಜನ ಸೊಂಟ ಹಿಡಿದುಕೊಂಡೇ ನಡೆಯುತ್ತಿದ್ದರು. ಈಗ ಅಮ್ಮನ ಸರದಿ.

"ಕೀಲೆಲ್ಲಾ ಮುರ್ದಂಗಾಗ್ತೈತೆ ಕಣಮ್ಮ..."

ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಾ ಜ್ಯೋತಿ ನಿರ್ಧರಿಸಿಬಿಟ್ಟಳು. 'ಸಾಕು. ಎಲ್ಲಿಗೂ ಹೋಗಲ್ಲ.' ಆ ನಿರ್ಧಾರದಲ್ಲಿ ಅಮ್ಮನ ಜ್ವರ ಎಷ್ಟಿತ್ತು, ತನ್ನ ಭಯ ಎಷ್ಟಿತ್ತು, ಅವನ ಮೇಲಿನ ಸಿಟ್ಟು ಎಷ್ಟಿತ್ತು? ಅವಳಿಗೇ ಗೊತ್ತಿರಲಿಲ್ಲ.

ಅಮ್ಮನ ಜ್ವರ ಸ್ವಲ್ಪ ಇಳಿದ ದಿನ ತಾನು ಪ್ರಯಾಣ ಬಿಟ್ಟದ್ದನ್ನು ಪಕ್ಕದ ಮನೆಯವರಿಗೆ ತಿಳಿಸಿ, ಅಮ್ಮನನ್ನು ನೋಡಿಕೊಳ್ಳಲು ಹೇಳಿ ಶಾಲೆಗೆ ಹೋದಳು.

"ಸಾರ್, ರಾಜೀನಾಮೆ ವಾಪಸ್ ತಗೋತೀನಿ. ಜಾಗ ಹೋಗಿದ್ರೆ ಪರವಾಗಿಲ್ಲ, ಕೆಳಗಿನ ಕ್ಲಾಸಾದ್ರೂ ಕೊಡಿ."

ನರಸಿಂಹಮೂರ್ತಿ ಕನ್ನಡಕ ತೆಗೆದರು. "ಜಾಗ ಎಲ್ಲಮ್ಮ ಹೋಗತ್ತೆ? ಪರ್ಮನೆಂಟ್ ಮಾಡ್ತೀನಿ ಅಂದ್ರೆ ಆ ಹುಡುಗ ಬೇಡ ಅಂದ್ಬಿಟ್ಟ. ಮೇಡಂ ವಾಪಸ್ ಬರೋವರ್ಗೂ ನಾನಿದೀನಿ, ಅವರ ಕೆಲಸ ಅವರಿಗೇ ಇರ್ಲಿ ಅಂತ ಕಮಿಟಿಯೋರನ್ನೂ ಒಪ್ಪಿಸ್ದ."

"ಮತ್ತೆ... ಅವತ್ತು ನನ್ನ ಉಳಿಸ್ಕೋಬೇಡಿ ಅಂದಿದ್ದು?"

"ಅದಾ! ಹೆಣ್ಣುಮಗು ಅಷ್ಟು ದೂರ ಹೋಗೋದು ಬೇಡ, ಏನಾದ್ರೂ ಹೇಳಿ ನಿಲ್ಲಿಸಣ ಅಂತಿದ್ದೆ. ಅದಕ್ಕೆ ನಂಗೇ ಬುದ್ಧಿ ಹೇಳ್ದ ಕಣಮ್ಮ."

ಅಯ್ಯೋ... ಎಂಥಾ ಮಾತಾಡಿಬಿಟ್ಟೆ!

ಸ್ಟಾಫ್ ರೂಮಿಗೆ ಓಡಿದಳು. ಅವನಿರಲಿಲ್ಲ.

"ರಜ ಹಾಕವ್ರೆ," ಎಂದಳು ಅಮ್ಮಾಜಮ್ಮ. "ನಿಮ್ಮಮ್ಮಂಗೆ ಜ್ವರ ಅಂತ ನಾನೇ ಹೇಳ್ದೆ. ನಿಮ್ಮೂರಿನ ಬಸ್ ಯಾವ್ದು ಅಂತ ಕೇಳ್ಕೊಂಡು ಹೋದ್ರು."

ಪೆರೇಸಂದ್ರಕ್ಕೆ ಬಸ್ಸು ಅಷ್ಟು ನಿಧಾನವಾಗಿ ಎಂದೂ ಹೋಗಿರಲಿಲ್ಲ!

ಮನೆಯೊಳಗೆ ಅಮ್ಮ ಗೋಡೆಗೊರಗಿ ಎಳನೀರು ಕುಡಿಯುತ್ತಿದ್ದಳು. ಬುದ್ಧ ಮತ್ತು ಬಾಬಾಸಾಹೇಬರ ಪಟದ ಕೆಳಗೆ ಮಧುಸೂದನ್ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಇವ್ರ ಮನೇಲೂ ನಮ್ಮಂಗೇ ಬಾಬಾಸಾಹೇಬ್ರ ಪಟ ಐತಂತೆ ಕಣೇ," ಎಂದಳು ಮಂಗಮ್ಮ. ತಕ್ಷಣ ದನಿ ಗಟ್ಟಿಯಾಯಿತು. "ಅದ್ಯಾಕೆ, ಹೋಗಲ್ಲ ಅಂತೀಯಂತೆ? ಪಕ್ಕದ್ಮನೆಯೋರು ಹೇಳಿದ್ರು. ಡಾಕ್ಟ್ರು ಹೇಳವ್ರೆ, ನೋವು ಇರತ್ತೆ, ಪ್ರಾಣಕ್ಕೇನಿಲ್ಲ ಅಂತ. ಚಿಂತಾಮಣಿಯಿಂದ ನಿಮ್ಮಕ್ಕ ಕವಿತ ಬಂದು ನನ್ನ ಜೊತೆ ಇರ್ತಾಳೆ. ನನ್ನ ನೆಪ ಹೇಳ್ಬೇಡ. ಪೋಯಿ ರಾ ತಲ್ಲೀ... ಹೋಗಿ ಬಾ."

ಜ್ಯೋತಿ ಅಮ್ಮನ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಅವನು ಮೆಲ್ಲಗೆ ಎದ್ದು ಹೊರಗೆ ಹೋದ. ಹೊಂಗೆ ಮರದ ಕೆಳಗೆ ಅವಳು ಅವನನ್ನು ತಡೆದಳು.

"ಹೆಡ್‌ಮಾಸ್ಟರ್ ಎಲ್ಲಾ ಹೇಳಿದ್ರು. ನೀವ್ಯಾಕೆ ನಂಗೆ ಹೇಳ್ಲಿಲ್ಲ?"

"ಹೇಳಿದ್ರೆ ಋಣ ಅಂದ್ಕೋತಿದ್ರಿ."

"ಒಂದ್ಸಲನಾದ್ರೂ ಹೋಗಬೇಡ ಅಂತ ಅನ್ನಿಸ್ಲಿಲ್ವಾ ನಿಮಗೆ?"

ಅವನ ಕಣ್ಣು ಕೆಂಪಾಯಿತು.

"ದಿನಾ ಅನ್ನಿಸ್ತಿತ್ತು ಜ್ಯೋತಿ! ಟೀ ಕುಡೀತಾ ಕೂತಾಗೆಲ್ಲ ಬಾಯಿ ತುದೀಗೆ ಬರ್ತಿತ್ತು. ಆದ್ರೆ ನಾನು ಅಂದಿದ್ರೆ ನೀವು ನಿಂತ್ಬಿಡ್ತಿದ್ರಿ. ಆಮೇಲೆ ಒಂದಿನ ನನ್ನ ಮುಖ ನೋಡಿ, ಇವನಿಂದ ನಿಂತೆ ಅಂತ ಅಂದ್ಕೊಂಡ್ರೆ? ಅದನ್ನ ನಂಗೆ ತಡ್ಕೊಳ್ಳೋಕಾಗಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೇ ಹೇಳ್ಲಿಲ್ಲ."

"ಸಿಟ್ಟಲ್ಲಿ ಏನೇನೋ ಅಂದ್ಬಿಟ್ಟೆ... ಕ್ಷಮಿಸ್ತೀರಾ?"

"ಸಿಟ್ಟು ಬಂತಲ್ಲ, ಅಲ್ಲೇ ಗೊತ್ತಾಯ್ತು ನಂಗೆ, ನೀವೂ..." ಎಂದು ನಿಲ್ಲಿಸಿದ.

ಜ್ಯೋತಿ ತಲೆ ತಗ್ಗಿಸಿದಳು. ಇಲ್ಲ ಎನ್ನಲಿಲ್ಲ.

ಹೊರಡುವ ಬೆಳಗ್ಗೆ ಹೈವೇ ಪಕ್ಕದಲ್ಲಿ ಬೆಂಗಳೂರಿನ ಬಸ್ಸಿಗಾಗಿ ಕಾಯುತ್ತಿದ್ದರು. ಕವಿತಳ ಹೆಗಲು ಹಿಡಿದು ಮಂಗಮ್ಮನೂ ಕುಂಟುತ್ತಾ ಬಂದಿದ್ದಳು. ಜ್ಯೋತಿಯ ಭಯ ಹೋಗಿರಲಿಲ್ಲ. ದೂರದಲ್ಲಿ ಬಸ್ಸು ಕಂಡಾಗ ಅದು ಇನ್ನೂ ಹೆಚ್ಚಾಯಿತು.

ಯಾರಿಗೂ ಕಾಣದಂತೆ ಮಧುಸೂದನ್ ಅವಳ ಬೆರಳು ಹಿಡಿದ.

"ಬೇಗ ಬಾ."

ಮೊದಲ ಸಲ ಅವನು ಏಕವಚನದಲ್ಲಿ ಕರೆದಿದ್ದ! ತುಂಬಿದ ಕಣ್ಣಲ್ಲೇ ಅವಳು ನಕ್ಕಳು.

"ಬರ್ತೀನಿ. ಆದ್ರೆ ಎಲ್ಲಿಗೆ ಬರ್ಬೇಕು ಅಂತ ಹೇಳ್ಲಿಲ್ಲ. ಸ್ಕೂಲಿಗಾ?"

"ಅಲ್ಲ ಕಣೇ..." ಅವನ ದನಿ ಒಡೆಯಿತು. "ನನ್ನ ಹತ್ರ."