ಕಟ್ಟಡ ದಾಟದ ಹನ್ನೊಂದು ಪತ್ರಗಳು

"ದೊಡ್ಡವ್ವಾ, ನನ್ನ ಕಳ್ಳಿ ಅಂದಾರ!"

1997ರ ಆ ಬೆಳಿಗ್ಗೆ ತಂಗಿಯ ಮಗಳು ನೀರಜಾ ಔರಂಗಾಬಾದಿನ ನಮ್ಮ ಮನೆಬಾಗಿಲಲ್ಲಿ ಅಳುತ್ತಾ ನಿಂತಳು. ಊರಾಚೆಯ ವಾಳೂಜಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಂಪ್ಯೂಟರಿನಿಂದ ಪತ್ರ ಕಳಿಸುವುದು ಅವಳ ಕೆಲಸ. ಜರ್ಮನಿಯ ಗಿರಾಕಿಗೆ ಕಳಿಸಿದ ಹನ್ನೊಂದು ಪತ್ರ ಮುಟ್ಟಿರಲಿಲ್ಲ. ಅವನ್ನು ಪೈಪೋಟಿಯ ಕಂಪನಿಗೆ ಮಾರಿಕೊಂಡಿದ್ದಾಳೆಂದು ಆರೋಪ. ಸಂಜೆಯೊಳಗೆ ಒಪ್ಪದಿದ್ದರೆ ಪೊಲೀಸರು.

ಪಕ್ಕದ ಮನೆಯ ಅಲಕಾಬಾಯಿ ಧಾರವಾಡದಿಂದ ವರ್ಗವಾಗಿ ಬಂದ ಟೆಲಿಫೋನ್ ಇಂಜಿನಿಯರ್. ಓಣಿಯ ಎಷ್ಟೋ ಕಳವು ಪತ್ತೆ ಹಚ್ಚಿದವರು. ಪ್ರತಿಸಲವೂ ಜೊತೆಗೆ ನಾನೇ. ನೀರಜಾಳನ್ನು ಅವರಲ್ಲಿಗೇ ಕರೆದೊಯ್ದೆ.

"ಉಳಿದ ಗಿರಾಕಿಗಳಿಗೆ ಮುಟ್ಟ್ಯಾವೇನು?" ಎಂದರು.

"ಎಲ್ಲಾ ಮುಟ್ಟ್ಯಾವ್ರಿ."

"ಮಲ್ಲಮ್ಮ, ಚಪ್ಪಲಿ ಹಾಕ್ಕೊಳ್ರಿ," ಎಂದು ನನ್ನತ್ತ ತಿರುಗಿದರು.

ಕಾರ್ಖಾನೆಯಲ್ಲಿ ಮಾಲಕ ರತ್ನಾಕರ ಗಂಟುಮುಖ ಹಾಕಿಕೊಂಡಿದ್ದ. ಬ್ಯಾಂಕು ಬಿಟ್ಟು ಬಂದು ಇಲ್ಲಿ ಕಂಪ್ಯೂಟರ್ ಜೋಡಿಸಿದ್ದ ಮ್ಯಾನೇಜರ್ ಮಧುಕರ ಬೆವರುತ್ತಿದ್ದ. ಅಲಕಾಬಾಯಿ ನೀರಜಾಳ ಕೈಯಿಂದ ಪುಣೆಯ ಗಿರಾಕಿಗೊಂದು ಪತ್ರ ಕಳಿಸಿದರು. ಕಂಪ್ಯೂಟರನ್ನು ಫೋನ್ ತಂತಿಗೆ ಕೂಡಿಸುವ ಮೋಡೆಮ್ಮಿನ ದೀಪ ಬಿಡದೆ ಮಿನುಗಿತು. ಜರ್ಮನಿಗೆ ಕಳಿಸಿದಾಗ ಒಂದೇ ಸಲ ಮಿನುಗಿ ಸುಮ್ಮನಾಯಿತು. ಕಂಪ್ಯೂಟರ್ ಹೇಗೆ ಜೋಡಿಸಬೇಕೆಂದು ಜರ್ಮನಿಯ ಗಿರಾಕಿ ಕಳಿಸಿದ್ದ ನಮೂನೆ ಹಾಳಿಯೊಂದು ಗೋಡೆಯ ಮೇಲಿತ್ತು. ಅಲಕಾಬಾಯಿ ಅದನ್ನೂ ಕಂಪ್ಯೂಟರನ್ನೂ ನೋಡಿ ಏನೋ ಟೈಪು ಮಾಡಿದರು. ನನಗೋ ಕುಂತಲ್ಲಿ ಕೂಡಲಾಗದು, ನಿಂತಲ್ಲಿ ನಿಲ್ಲಲಾಗದು.

ಎಲ್ಲರನ್ನೂ ಮಾಲಕನ ಕೋಣೆಗೆ ಕರೆದು ಬಾಗಿಲು ಹಾಕಿಸಿದರು.

"ಪತ್ರ ಯಾರೂ ಕದ್ದಿಲ್ಲ. ಈ ಕಟ್ಟಡಾನೇ ದಾಟಿಲ್ಲ. ಇಂಟರ್ನೆಟ್ಟಿಗೆ ಕೂಡಿದ ಪ್ರತಿ ಕಂಪ್ಯೂಟರಿಗೂ ಅಂಕಿಯ ವಿಳಾಸ ಇರ್ತದ. ಜಗತ್ತಿನ ಒಂದೊಂದು ಭಾಗಕ್ಕ ಒಂದೊಂದು ನೋಂದಣಿ ಸಂಸ್ಥೆ ಅದನ್ನ ಹಂಚ್ತದ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಿಲ್ಲ. ಯಾವ ಅಂಕಿ ಯಾರದು ಅಂತ ಯಾರು ಬೇಕಾದ್ರೂ ಅವರ ರಿಜಿಸ್ಟರಿನ್ಯಾಗ ನೋಡಬಹುದು. ನಿಮ್ಮ ಕಂಪ್ಯೂಟರಿಗೆ ಹಾಕಿದ ಅಂಕಿ ಯಾರದು ಅಂತ ಈಗ ನೋಡಿದೆ. ಜರ್ಮನಿಯ ಗಿರಾಕಿದು!"

"ಅರೇ ದೇವಾ!" ಎಂದ ರತ್ನಾಕರ.

"ಜರ್ಮನಿಗೆ ಪತ್ರ ಕಳಿಸಿದಾಗ ಕಂಪ್ಯೂಟರ್ ಒಮ್ಮೆ ಹೊರಗ ವಿಳಾಸ ಕೇಳ್ತು, ದೀಪ ಮಿನುಗ್ತು. ಸಿಕ್ಕ ಅಂಕಿ ನಮ್ಮ ಮನೀದೇ ಅಂತ ಒಳಗೇ ಹುಡುಕ್ತು. ಗೋಡೆ ಮ್ಯಾಲಿನ ನಮೂನೆ ಹಾಳ್ಯಾಗ ಅವೇ ಅಂಕಿ ಅದಾವ. ಮಧುಕರ, ಬ್ಯಾಂಕಿನ್ಯಾಗ ನಮೂನೆ ನೋಡಿ ಫಾರಂ ತುಂಬ್ಸೋ ರೂಢಿ, ಹೌದಲ್ರಿ? ನಿಮ್ಮದೇ ಅಂಕಿ ಮಂಜೂರಾದ ಪತ್ರ ತೋರಸ್ರಿ."

ಅವನು ನೆಲ ನೋಡಿದ. "ಅರ್ಜೀನೇ ಹಾಕಿಲ್ರಿ. ನಮೂನೆ ಇದ್ದಂಗ ಇಳಿಸಿದೆ. ಹೋದ ವಾರ ತಪ್ಪು ತಿಳೀತು, ಹೇಳಾಕ ಹೆದರಿದೆ."

"ಹೆದರಿ ಹುಡುಗೀನ ಜೈಲಿಗೆ ಕಳಸ್ತಿದ್ದೇನಪಾ?" ಕೂಗಿಬಿಟ್ಟೆ. ಅವನ ಮೇಲೆ ಕೈಮಾಡುವಷ್ಟು ಸಿಟ್ಟು ಬಂದಿತ್ತು.

ರತ್ನಾಕರ ಮೆಲ್ಲಗೆ, "ತಪ್ಪಾಯ್ತಮ್ಮಾ. ನಾಳೆಯಿಂದ ಕೆಲಸಕ್ಕ ಬಾ," ಎಂದ.

ನೀರಜಾ ಕಣ್ಣೊರೆಸಿಕೊಂಡಳು. "ಕಳ್ಳಿ ಅಂತ ಅಂಗಳದಾಗ ಎಲ್ಲರ ಮುಂದ ಅಂದ್ರಿ, ಸರ್. ತಪ್ಪಾಯ್ತು ಅಂತ ಬಾಗಿಲು ಹಾಕಿದ ಕೋಣ್ಯಾಗ ಹೇಳ್ತೀರಿ."

ಕೆಲಸಗಾರರೆಲ್ಲ ಅಂಗಳಕ್ಕೆ ಬರುವ ಊಟದ ಗಂಟೆಗೆ ಇನ್ನೂ ಅರ್ಧ ತಾಸಿತ್ತು. ರತ್ನಾಕರ ಎದ್ದು, ಈಗಲೇ ಗಂಟೆ ಹೊಡೆಯಿರೆಂದು ಹೇಳಿ, ತಾನೇ ಬಾಗಿಲು ತೆಗೆದು ಅಂಗಳಕ್ಕೆ ನಡೆದ.