ಗೌರಿ ಜೋಡಿಸಿದ ಕಂಪ್ಯೂಟರ್

"ಅದನ್ನ ಮುಟ್‌ಬ್ಯಾಡ್ರಿ!"

ಶಶಿಕಾಂತನ ಕೈ ಗಾಳಿಯಲ್ಲೇ ನಿಂತಿತು. ಹಾಲ್‌ನಲ್ಲಿ ಕುಳಿತಿದ್ದವರೆಲ್ಲ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡಿದರು.

ಹೆಣ್ಣು ನೋಡಲು ಬಂದ ಗಂಡಿಗೆ ಹೆಣ್ಣು ಆಡಿದ ಮೊದಲ ಮಾತು ಅದು!

ಮಂಗಳಗೌರಿಯ ಕೆನ್ನೆ ಬಿಸಿಯಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಆ ಕಂಪ್ಯೂಟರನ್ನು ಅವಳೇ ಜೋಡಿಸಿದ್ದಳು. ಬೋರ್ಡು, ಪ್ರೊಸೆಸರು, ಫ್ಯಾನು ಎಲ್ಲವನ್ನೂ ಒಂದೊಂದಾಗಿ ತರಿಸಿ, ವಿಡಿಯೋ ನೋಡಿ, ಕೈ ಕೊಯ್ದುಕೊಂಡು, ಕೊನೆಗೂ ಅದಕ್ಕೆ ಜೀವ ಬರಿಸಿದ್ದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಹಾಲೇಶಪ್ಪನವರಿಗೆ ಮಗಳೂ ಮುದ್ದು, ಮಗಳು ಜೋಡಿಸಿದ ಡಬ್ಬವೂ ಮುದ್ದು. ಮಾರ್ಕೆಟ್‌ಗೆ ಶೇಂಗಾ ತಂದ ರೈತರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ಆ ಕಥೆ ಹೇಳಿಯಾಗಿತ್ತು. ಇನ್ನು ಬಿ.ಜಿ. ಕೆರೆಯಿಂದ ಸಂಬಂಧ ಕೇಳಿಕೊಂಡು ಬಂದವರನ್ನು ಬಿಡುತ್ತಾರೆಯೇ?

"ಬರ್ರಿ, ನನ್ ಮಗಳು ಕಟ್ಟಿದ ಕಂಪ್ಯೂಟರ್ ನೋಡ್ರಿ! ವೈರೇ ಇಲ್ದಂಗೆ ನೆಟ್ ಬರ್ತೈತೆ!" ಎಂದು ಎಲ್ಲರನ್ನೂ ಮೇಜಿನ ಸುತ್ತ ಸೇರಿಸಿದ್ದರು.

ನೆಟ್ ಬರಲಿಲ್ಲ.

ನಿನ್ನೆಯವರೆಗೆ ಹಾಲ್ ಉದ್ದಕ್ಕೂ ಎಳೆದಿದ್ದ ವೈರಿನಲ್ಲಿ ನೆಟ್ ಬರುತ್ತಿತ್ತು. ಬಂದವರ ಕಾಲಿಗೆ ತೊಡರುತ್ತದೆಂದು ಅವ್ವ ಮಂಜುಳಮ್ಮ ಗೊಣಗಿದ್ದಕ್ಕೆ ಗೌರಿ ಹೊಸ ವೈಫೈ ಕಾರ್ಡ್ ತರಿಸಿ, ಬೆಳಿಗ್ಗೆಯಷ್ಟೇ ಕೂರಿಸಿದ್ದಳು. ಸೀರೆ ಉಡುವ ಗಡಿಬಿಡಿಯಲ್ಲಿ ಪರೀಕ್ಷಿಸಿ ನೋಡಲು ಪುರುಸೊತ್ತೇ ಸಿಕ್ಕಿರಲಿಲ್ಲ.

"ಬಿಡವ್ವ, ನಮ್ ಶಶಿ ಮೊಳಕಾಲ್ಮೂರಿನಾಗೆ ಆನ್‌ಲೈನ್ ಸೆಂಟರ್ ಇಟ್ಟವ್ನೆ. ಅವ್ನು ನೋಡ್ತಾನೆ," ಎಂದಿದ್ದರು ಗಂಡಿನ ಸೋದರಮಾವ ಮುರುಗೇಶ್. "ಹೆಣ್ಮಕ್ಳ ಕೈಗೆ ಯಾಕೆ ಸ್ಕ್ರೂಡ್ರೈವರ್?"

ಆಗಲೇ ಶಶಿಕಾಂತ್ ಕೈ ಚಾಚಿದ್ದು. ಆಗಲೇ ಅವಳು ಕೂಗಿದ್ದು.

"ಸರಿ, ಮುಟ್ಟಲ್ಲ," ಎಂದು ಅವನು ಕೈ ಹಿಂದಕ್ಕೆಳೆದುಕೊಂಡ. "ಟಾರ್ಚ್ ಹಿಡೀಲಾ? ಒಳಗೆ ಕತ್ಲೈತೆ."

'ಗೇಲಿ ಮಾಡ್ತಿದ್ದಾನಾ?...' ಗೌರಿ ಅವನ ಮುಖವನ್ನೇ ದಿಟ್ಟಿಸಿದಳು. ಏನೂ ಗೊತ್ತಾಗಲಿಲ್ಲ. ಹೂಂ ಅಂದಳು.

ಮೊದಲು ಸ್ಕ್ರೀನ್ ನೋಡಿದಳು. ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಸರಿಯಿಲ್ಲದಿದ್ದರೆ ಅದರ ಹೆಸರಿನ ಪಕ್ಕ ಹಳದಿ ಗುರುತಾದರೂ ಕಾಣಬೇಕಿತ್ತು. ಇಲ್ಲಿ ಹೆಸರೇ ಇಲ್ಲ! ಒಳಗೊಂದು ಕಾರ್ಡ್ ಇದೆ ಎನ್ನುವುದೇ ಕಂಪ್ಯೂಟರಿಗೆ ಗೊತ್ತಿಲ್ಲ. ಆಫ್ ಮಾಡಿ, ಪ್ಲಗ್ ಕಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ತಗಡು ಬಿಚ್ಚಿದಳು. ಕಾರ್ಡನ್ನು ತೆಗೆದು ಇನ್ನೊಂದು ಸ್ಲಾಟಿಗೆ ಕೂರಿಸಿ ಮತ್ತೆ ಆನ್ ಮಾಡಿದಳು.

ಊಹೂಂ...

"ಹಳೇ ವೈರೇ ಹಾಕ್ಬಿಡು ಗೌರಿ," ಎಂದರು ಮಂಜುಳಮ್ಮ ಮೆಲ್ಲಗೆ.

"ಬ್ಯಾಡವ್ವ. ವೈರಿಲ್ದೆ ಬರ್ತೈತೆ ಅಂದವ್ರೆ ಅಪ್ಪ. ವೈರಿಲ್ದೇನೆ ಬರ್ಬೇಕು."

"ನನ್ ಮಗಳು ಬಿಡೋಳಲ್ಲ ತಗಳ್ರಿ," ಎಂದು ಹಾಲೇಶಪ್ಪನವರು ನಕ್ಕರು. ಆದರೆ ಆ ನಗುವಿನಲ್ಲಿ ಜೀವವಿರಲಿಲ್ಲ. ಅದು ಗೌರಿಯ ಕಣ್ಣಿಗೆ ಬಿತ್ತು.

'ಸಂಬಂಧ ಹೋದ್ರೆ ಹೋಗ್ಲಿ... ಊರಿಗೆಲ್ಲ ನನ್ನ ಹೊಗಳಿದ ಅಪ್ಪ ನಾಳೆ ಮಾರ್ಕೆಟ್‌ನಲ್ಲಿ ತಲೆಯೆತ್ತಿ ನಡೆಯೋದು ಹೇಗೆ?'

ಮತ್ತೆ ಆಫ್ ಮಾಡಿ ಕಾರ್ಡ್ ಹೊರತೆಗೆದಳು. ಟಾರ್ಚಿನ ಬೆಳಕು ಅದರ ಮೇಲೆ ಬಿತ್ತು. ಶಶಿಕಾಂತ್ ಬಗ್ಗಿ ನೋಡಿದ. ಅವನ ತುಟಿಯಂಚಿನಲ್ಲಿ ಸಣ್ಣ ನಗು ಸುಳಿಯಿತು. ಮರುಕ್ಷಣ ಟಾರ್ಚ್ ಉರಿಯುತ್ತಿದ್ದ ಮೊಬೈಲನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಟ್ಟ.

"ಲೇ ಶಶಿ, ಎಲ್ಲಿಗೋ?" ಎಂದು ಮುರುಗೇಶ್ ಕೂಗಿದರು.

'ನಕ್ಕ! ನಕ್ಕು ಎದ್ದು ಹೋದ!'

ಗೌರಿಯ ಕಣ್ಣು ತುಂಬಿತು. ಆದರೆ ಅವರೆಲ್ಲರ ಎದುರು ಅಳುವುದೇ? ಸತ್ತರೂ ಇಲ್ಲ! ಕಣ್ಣೀರು ಕಾಣದಿರಲೆಂದು ಕಾರ್ಡನ್ನು ಮುಖದ ಹತ್ತಿರ ಹಿಡಿದಳು.

ಆಗ ಮೂಗಿಗೆ ಬಡಿಯಿತು... ಶೇಂಗಾ ಎಣ್ಣೆಯ ವಾಸನೆ!

ಮಿಲ್ಲಿನ ಮನೆಯಲ್ಲಿ ಹುಟ್ಟಿ ಬೆಳೆದವಳ ಮೂಗು ಸುಳ್ಳು ಹೇಳುವುದಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳ್ಳಗೆ ಎಣ್ಣೆ ಜಿಡ್ಡು. ಜಿಡ್ಡಿಗೆ ಅಂಟಿದ ಬಿಳಿ ಪುಡಿ... ವಿಭೂತಿ!

ಅವಳಿಗೆ ಎಲ್ಲವೂ ಅರ್ಥವಾಯಿತು. ಮಿಲ್ಲಿಗೆ ಹೊಸದೇನೇ ಬರಲಿ, ಬೋಲ್ಟಾಗಲಿ ಬೆಲ್ಟಾಗಲಿ, ಅಪ್ಪ ಅದನ್ನು ದೇವರ ಮುಂದಿಟ್ಟು, ಹೊಸ ಎಣ್ಣೆ ಒಂದು ಹನಿ ಸವರಿ, ವಿಭೂತಿ ಹಚ್ಚಿಯೇ ಕೆಲಸಕ್ಕೆ ಬಿಡುತ್ತಿದ್ದರು. ನಿನ್ನೆ ಪಾರ್ಸೆಲ್ ಬಿಡಿಸಿಕೊಂಡವರೂ ಅಪ್ಪನೇ. ಮಗಳ ಕಾರ್ಡಿಗೂ ಅದೇ ಪೂಜೆ ಮಾಡಿ, ಪಂಚೆಯ ಚುಂಗಿನಿಂದ ಒರೆಸಿ, ಅವಳಿಗೆ ತಿಳಿಯದಂತೆ ಡಬ್ಬಿಯೊಳಗೆ ಇಟ್ಟಿದ್ದಾರೆ!

ನಿಜ ಹೇಳಿದರೆ ಅವಳ ಮಾನ ಉಳಿಯುತ್ತಿತ್ತು, ಅಪ್ಪನ ಮಾನ ಹೋಗುತ್ತಿತ್ತು. ಯಾರ ಮುಂದೆಯೂ ಸೋಲೊಪ್ಪದ ಗೌರಿ ತಲೆಯೆತ್ತಿ ಹೇಳಿದಳು.

"ತಪ್ಪು ನಂದೇ. ಕಾರ್ಡ್ ಒರ್ಸಿ ನೋಡಿ ಕೂರಿಸ್ಬೇಕಿತ್ತು. ನೋಡ್ಲಿಲ್ಲ."

"ನಾನು ಅಂದಿರ್ಲಿಲ್ವಾ?" ಎಂದರು ಮುರುಗೇಶ್.

ಬಾಗಿಲಲ್ಲಿ ಶಶಿಕಾಂತ್ ನಿಂತಿದ್ದ. ಅವಳ ಮಾತು ಅವನಿಗೂ ಕೇಳಿಸಿತ್ತು. ಒಳಗೆ ಬಂದು, ಜೇಬಿನಿಂದ ಏನನ್ನೋ ತೆಗೆದು ಅವಳ ಕೈಯ ಪಕ್ಕ ಇಟ್ಟ. ಮೂಲೆಯಂಗಡಿಯಿಂದ ತಂದ, ಪೆನ್ಸಿಲ್ ಅಳಿಸುವ ಹೊಸ ರಬ್ಬರ್!

ಅವಳು ಕಣ್ಣೆತ್ತಿದಳು. ಅವನು ಒಮ್ಮೆ ಹಾಲೇಶಪ್ಪನವರ ಹಣೆಯ ವಿಭೂತಿಯತ್ತ ನೋಡಿ, ಮತ್ತೆ ಅವಳನ್ನು ನೋಡಿದ.

'ಇವನಿಗೂ ಗೊತ್ತು!... ಗೊತ್ತಿದ್ದೂ ಹೇಳಲಿಲ್ಲ!'

ಅವಳು ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ಮೃದುವಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಸ್ಲಾಟಿಗೆ ಒತ್ತಿ ಸ್ಕ್ರೂ ಬಿಗಿದಳು. ಆನ್ ಮಾಡಿದಳು.

ಕಾರ್ಡಿನ ಹೆಸರು ಬಂತು. ನೆಟ್ ಬಂತು!

"ನೋಡಿದ್ರಾ! ನಾನೇನು ಹೇಳ್ದೆ?" ಹಾಲೇಶಪ್ಪನವರ ದನಿ ಬೀದಿಗೆ ಕೇಳಿಸಿತು. "ನನ್ ಮಗಳು ರೀ!"

ಗೌರಿಗೆ ಅಷ್ಟೇ ಬೇಕಾಗಿತ್ತು.

"ಮಾವ," ಎಂದ ಶಶಿಕಾಂತ್ ನಗುತ್ತಾ, "ಆ ಸ್ಕ್ರೂಡ್ರೈವರ್ ಅವ್ರ ಕೈಯಾಗೇ ಇರ್ಲಿ ಬಿಡ್ರಿ."

ಮುರುಗೇಶ್ ಉಪ್ಪಿಟ್ಟಿನ ಕಡೆ ಗಮನ ಕೊಟ್ಟರು.

ಸ್ವಲ್ಪ ಹೊತ್ತಿಗೆ ಹಿರಿಯರು ಇಬ್ಬರನ್ನೂ ಮಾತಾಡಿಕೊಂಡು ಬರಲು ಮಾಳಿಗೆಗೆ ಕಳಿಸಿದರು. ಪಕ್ಕದ ಮಿಲ್ಲಿನ ಸದ್ದು ಅಲ್ಲಿಯವರೆಗೂ ಬರುತ್ತಿತ್ತು.

"ನಕ್ಕೊಂಡು ಎದ್ದೋದ್ರಲ್ಲ... ನನ್ನ ನೋಡಿ ನಕ್ರಿ ಅನ್ಕೊಂಡಿದ್ದೆ," ಎಂದಳು ಗೌರಿ.

"ವಿಭೂತಿ ನೋಡಿ ನಕ್ಕಿದ್ದು ಕಣ್ರಿ. ನಮ್ಮವ್ವ ಸೆಂಟರಿನ ಪ್ರಿಂಟರಿಗೆ ಕುಂಕುಮ ಇಟ್ಟು, ಬಂದವರ ಪಹಣಿಯೆಲ್ಲ ಕೆಂಪಾಗಿದ್ವು!"

ಅವಳು ಕಿಲಕಿಲನೆ ನಕ್ಕುಬಿಟ್ಟಳು. ಆಮೇಲೆ ದನಿ ತಗ್ಗಿಸಿದಳು. "ಅಲ್ಲೇ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮಪ್ಪಾರು ತಲೆ ತಗ್ಗಿಸ್ಬೇಕಾಗ್ತಿತ್ತು. ಮಗಳ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡೋರ್ನ ನಾನು ನೋಡೇ ಇರ್ಲಿಲ್ಲ."

"ಹಂಗಾದ್ರೆ ನೀವೇ ಒರ್ಸಿ ಕೂರಿಸ್ಬಹುದಿತ್ತು..."

"ಕಟ್ಟಿದೋರು ನೀವು. ಗೆಲ್ಬೇಕಾದೋರೂ ನೀವೇ." ಅವನು ಅವಳತ್ತ ತಿರುಗಿದ. "ಆದ್ರೆ ಎಲ್ರ ಮುಂದೆ ತಪ್ಪು ನಂದೇ ಅಂದ್ರಲ್ಲ... ಅಪ್ಪನಿಗೋಸ್ಕರ... ಆವಾಗ್ಲೇ ನನ್ ಮನಸ್ಸು ನಿಮ್ಮ ಪಾಲಾಯ್ತು ಗೌರಿ."

ಗೌರಿಯ ಕಣ್ಣು ಮತ್ತೆ ತುಂಬಿತು. ಈ ಸಲ ಮುಚ್ಚಿಡಲು ಹೋಗಲಿಲ್ಲ.

"ಅಪ್ಪಂಗೆ ಇದು ಯಾವತ್ತೂ ಗೊತ್ತಾಗ್ಬಾರ್ದು," ಎಂದಳು.

"ಮುಂದೆ ತರ್ಸೋ ಸಾಮಾನಿಗೂ ಅವ್ರು ಎಣ್ಣೆ ಹಚ್ಚಿದ್ರೆ?"

"ಹಚ್ಲಿ ಬಿಡ್ರಿ. ಒರ್ಸೋಕೆ ನಾವಿಬ್ರಿದ್ದೀವಲ್ಲ."

ಶಶಿಕಾಂತ್ ಕಣ್ಣರಳಿಸಿ ನಿಂತುಬಿಟ್ಟ. "ಏನಂದ್ರಿ? ಇನ್ನೊಂದ್ಸಲ ಹೇಳ್ರಿ!"

"ಒಂದ್ಸಲ ಹೇಳಿದ್ರೆ ಹೇಳ್ದಂಗೇ ನಾನು," ಎಂದು ಗೌರಿ ಮೊದಲ ಸಲ ಅವನ ಕೈ ಹಿಡಿದಳು. "ನಡೀರಿ, ಕೆಳಗೆ ಅಪ್ಪಂಗೆ ನಾನೇ ಹೇಳ್ತೀನಿ."