ಕನಕರಾಜ ತಂದ ಎಣ್ಣೆ

"ಎಣ್ಣಿ ತಂದಾನ! ಕ್ರಾಂತಿ, ಇವ ಎಣ್ಣಿ ತಂದಾನ! ನಾನು ಹೊಂಟೆನೇನವಾ?"

ಅಜ್ಜಿಯ ಕೂಗಿಗೆ ಕ್ರಾಂತಿ ಒಲೆ ಬಿಟ್ಟು ಓಡಿಬಂದಳು. ಬಾಗಿಲಲ್ಲಿ ಅಪರಿಚಿತ ಯುವಕನೊಬ್ಬ ನಿಂತಿದ್ದ. ಬಿಳಿ ಅಂಗಿ, ಕೈಯಲ್ಲೊಂದು ಪುಟ್ಟ ಶೀಶೆ.

"ಸ್ತೋತ್ರ ರೀ," ಎಂದು ಕೈಮುಗಿದ. "ನಾನು ಕನಕರಾಜ. ಹಿಂದಿನ ಓಣಿ ಪ್ರಾರ್ಥನಾ ಮಂದಿರದಿಂದ ಬಂದೀನಿ. ಅಜ್ಜಿಗೆ ಆರಾಮಿಲ್ಲಂತ ಕೇಳಿ, ಎಣ್ಣಿ ಹಚ್ಚಿ ಪ್ರಾರ್ಥನೆ ಮಾಡೋಣಂತ..."

"ಮೊದಲು ಹೊರಗ ನಡೀರಿ!"

ಯಾರ ಮುಂದೂ ದನಿ ಎತ್ತದ ಹುಡುಗಿ ಅವಳು. ತನ್ನ ದನಿಗೆ ತಾನೇ ಬೆಚ್ಚಿದಳು. ಅವನು ಶೀಶೆ ಜೇಬಿಗಿಳಿಸಿ ಹೊರಟ. ಹೋಗುವಾಗ ಅವನ ಕಣ್ಣು ತುಂಬಿದ್ದನ್ನು ಅವಳು ನೋಡಿಬಿಟ್ಟಿದ್ದಳು...

ಅವತ್ತಿನಿಂದ ಅಜ್ಜಿ ಗಂಜಿ ಮುಟ್ಟಲಿಲ್ಲ. ಜ್ವರವೇನೋ ಇಳಿದಿತ್ತು. 'ಉಣ್ಣಿಸಿ, ಎದ್ದು ಕೂಡ್ತಾರೆ' ಎಂದಿದ್ದರು ಡಾಕ್ಟರು. ಅಜ್ಜಿ ಮಾತ್ರ ಜಪಸರ ಹಿಡಿದು, ಗೋಡೆಗೆ ಮುಖಮಾಡಿ, "ನನ್ನ ಮಣ್ಣಿಗೆ ಬಿಳಿ ಸೀರಿ ತೆಗೆದಿಡವಾ" ಎನ್ನುತ್ತಿದ್ದಳು.

ತಂದೆ ತಾಯಿ ಇಲ್ಲದ ಕ್ರಾಂತಿಗೆ ಅಜ್ಜಿಯೇ ಎಲ್ಲ. ಇವಳೂ ಹೋದರೆ...?

ಓಣಿಯವರನ್ನು ವಿಚಾರಿಸಿದಳು. ಸಿಟ್ಟು ಅವಳನ್ನು ಕೊಟ್ಟೂರು ಬಸ್ ಸ್ಟ್ಯಾಂಡ್ ಹತ್ತಿರದ ಕನಕರಾಜನ ಮಿಕ್ಸಿ ರಿಪೇರಿ ಅಂಗಡಿಗೆ ಎಳೆದೊಯ್ದಿತು.

"ನೀವು ಮಾಡಿದ್ದು ಗೊತ್ತೈತೇನ್ರಿ? ನಮ್ಮ ಅಜ್ಜಿ ಅನ್ನ ಮುಟ್ಟವಲ್ಲಳು!"

ಕನಕರಾಜ ಸ್ಕ್ರೂಡ್ರೈವರ್ ಕೆಳಗಿಟ್ಟ. "ಎಣ್ಣಿಗೆ ಯಾಕ ಅಂಜಿದ್ರು? ಆರಾಮಿಲ್ಲದವ್ರಿಗೆ ಹಿರಿಯರು ಎಣ್ಣಿ ಹಚ್ಚಿ ಪ್ರಾರ್ಥನೆ ಮಾಡ್ಲಿ ಅಂತ ಬೈಬಲ್‌ನಾಗ ಯಾಕೋಬ ಬರ್ದಾನಲ್ರಿ. ಗುಣ ಆಗ್ಲಿ ಅಂತ ಹಚ್ಚೋದು!"

"ನಾವು ಕಥೋಲಿಕರು. ಅಜ್ಜಿ ಕಾಲದಾಗ ಫಾದರ್ ಎಣ್ಣಿ ತಂದ್ರಂದ್ರ ಉಸಿರು ಹೋಗೋ ಹೊತ್ತು ಬಂತು ಅಂತ ಲೆಕ್ಕ. ಸಂಜಿಕ ನಮ್ಮ ತಾತಗ ಹಚ್ಚಿದ್ರು, ಬೆಳಗಾಗೋದ್ರಾಗ ಹೋದ. 'ಹಂಗಲ್ಲವ್ವಾ, ಇದು ಬದುಕೋರಿಗೂ' ಅಂತ ಈಗಿನ ಫಾದರ್ ಹೇಳ್ತಾರ. ಅಜ್ಜಿ ನಂಬಂಗಿಲ್ಲ."

ಅವನು ಸ್ಟೂಲಿನ ಮೇಲೆ ಕುಸಿದ.

"ನಮ್ಮ ಅವ್ವ ಹೋದಂಗ, ನನ್ನಿಂದ ನಿಮ್ಮ ಅಜ್ಜಿನೂ..."

"ನಿಮ್ಮ ಅವ್ವಗ ಏನಾಗಿತ್ತು?"

"ಜಡ್ಡಿಗೆ ಬಿದ್ಲು. ನಮ್ಮ ಮಂದಿರದ ಇಡೀ ಸಭೆ ಪ್ರಾರ್ಥನೆ ಮಾಡ್ತು. ಗುಣ ಆಗ್ಲಿಲ್ಲ. ನಂಬಿದವ್ರಿಗೆ ಗುಣ ಆಗ್ತದ, ಮಗನ ನಂಬಿಕಿನೇ ಕಮ್ಮಿ ಬಿತ್ತು ಅಂದ್ರು ಜನ. ಅದಕ್ಕ ಯಾರಿಗೆ ಆರಾಮಿಲ್ಲ ಅಂದ್ರೂ ಓಡ್ತೀನ್ರಿ..."

ಅಯ್ಯೋ... ಈ ಭಾರ ಹೊತ್ತು ನಮ್ಮ ಬಾಗಿಲಿಗೆ ಬಂದಿದ್ದನಾ?

ಕ್ರಾಂತಿಯ ಸಿಟ್ಟು ಕರಗಿತು. ಚರ್ಚಿನ ಮೂಲೆಯಲ್ಲಿ ಕೂತು ಕೇಳಿದ್ದು ನಾಲಿಗೆಗೆ ಬಂತು.

"ಮೈಯಾಗ ಮುಳ್ಳಿನಂಗ ಚುಚ್ಚೋ ನೋವು ತೆಗಿ ಅಂತ ಸಂತ ಪೌಲ ಮತ್ತ ಮತ್ತ ಬೇಡ್ಕೊಂಡ. ದೇವರು ತೆಗೀಲಿಲ್ಲ. ನನ್ನ ಕೃಪೆ ಸಾಕು ಅಂದ. ಪೌಲನಿಗೂ ನಂಬಿಕಿ ಕಮ್ಮಿ ಇತ್ತೇನ್ರಿ?"

ಅವನು ಗ್ರೀಸ್ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡ. ಕೆನ್ನೆಗೆ ಕಪ್ಪು ಹತ್ತಿತು.

"ನಾಳಿ ಮನಿಗೆ ಬರ್ರಿ. ಎಣ್ಣಿ ತರ್ರಿ."

"ಮತ್ತ ಎಣ್ಣಿನಾ?!"

"ಹೂಂ. ಅಜ್ಜಿಗೆ ಹಚ್ಚಾಕಲ್ಲ."

ಮರುದಿನ ಅವನು ಅಜ್ಜಿಯ ಮಂಚದ ಪಕ್ಕ ಮಂಡಿಯೂರಿದ. ಅಜ್ಜಿ ಶೀಶೆ ಕಂಡು ಮುದುಡಿದಳು.

"ಅಜ್ಜಿ, ಇವರ ಅವ್ವ ತೀರಿಕೊಂಡಾಳ. ಆ ನೋವು ಇನ್ನೂ ಮಾಯ್ದಿಲ್ಲ. ನೀನೇ ಇವರಿಗೆ ಹಚ್ಚಿ ಪ್ರಾರ್ಥನೆ ಮಾಡು."

ಅಜ್ಜಿ ಅವನ ಗಲ್ಲ ಹಿಡಿದೆತ್ತಿ ನೋಡಿದಳು.

"ಅವ್ವಿಲ್ಲದ ಮಗಾ..."

ಬೆರಳನ್ನು ಎಣ್ಣೆಯಲ್ಲಿ ಅದ್ದಿದಳು. ಅವನ ಹಣೆಯ ಮೇಲೆ ಶಿಲುಬೆ ಮೂಡಿತು. ಅವನು ಬಿಕ್ಕಿ ಬಿಕ್ಕಿ ಅತ್ತ. ಅಜ್ಜಿ ತಲೆ ಸವರುತ್ತಲೇ ಇದ್ದಳು. ಆಮೇಲೆ ಬಗ್ಗಿ ಅವನ ಮುಖ ನೋಡಿದಳು.

"ಏ ಕ್ರಾಂತಿ, ಇವ ಸತ್ತಿಲ್ಲಲ್ಲೇ!"

"ಸಾಯಂಗಿಲ್ಲ ಅಜ್ಜಿ!"

"ಹಂಗಾದ್ರ ನನಗೂ ಒಂಚೂರು ಹಚ್ಚೋ ತಮ್ಮಾ. ಮೊದ್ಲು ಗಂಜಿ ತಾರವಾ, ಹೊಟ್ಟಿ ಹಸದೈತಿ!"

ಕೆಲ ದಿನಗಳಲ್ಲಿ ಅಜ್ಜಿ ಎದ್ದು ಓಡಾಡಿದಳು. ಮೊಣಕಾಲು ನೋವು ಮಾತ್ರ ಹೋಗಲಿಲ್ಲ. "ನಿನ್ನ ಎಣ್ಣಿ ಮೊಣಕಾಲಿಗೆ ಹತ್ತವಲ್ದು ನೋಡಪ್ಪಾ" ಎಂದು ಪ್ರತಿ ಭಾನುವಾರ ಸಂಜೆ ಬರುವ ಕನಕರಾಜನನ್ನು ಕಾಡುತ್ತಿದ್ದಳು.

ಅಂಥದೊಂದು ಸಂಜೆ, ಕಟ್ಟೆಯ ಮೇಲೆ ಕ್ರಾಂತಿ ಸೆರಗಿನ ಅಂಚು ಸುತ್ತುತ್ತಾ ಕೇಳಿದಳು.

"ಎಣ್ಣಿ ನೆಪ ಮಾಡ್ಕೊಂಡು ವಾರಾ ವಾರಾ ಯಾಕ ಬರ್ತಾನ ಕೇಳು ಅಂದಾಳ ಅಜ್ಜಿ."

ಅವನ ಮುಖ ಕೆಂಪಾಯಿತು.

"ನನ್ನ ಮದುವಿ ಆಗ್ತೀರೇನು, ಕ್ರಾಂತಿ? ನಿಮ್ಮ ಫಾದರ್, ನಮ್ಮ ಪಾಸ್ಟರ್ ಏನಂತಾರೋ... ನನ್ನ ನಂಬಿಕಿ ಇನ್ನೂ ಸ್ವಲ್ಪೇ ಐತ್ರಿ."

ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ಇದ್ದಷ್ಟು ತರ್ರಿ... ಕಮ್ಮಿ ಬಿದ್ರ ಕೃಪೆ ಐತಲ್ಲ."